ಅಮೃತಹಳ್ಳಿ ಕ್ರಾಸಿನವರೆಗೆ

ಅಟ್ಟೂರು ಲೇಔಟ್, ಯಲಹಂಕ
12 ನವೆಂಬರ್ 2024

ಅಕ್ಕನಿಗೆ ಸೋಮನಾಥನ ನಮಸ್ಕಾರ.

ಇಲ್ಲಿ ಎಲ್ಲವೂ ಕ್ಷೇಮ, ನನ್ನ ಮಾನ ಒಂದನ್ನು ಬಿಟ್ಟು. ಅದು ನಮ್ಮ ಲೇಔಟಿನ ಬಾಯಲ್ಲಿರುವ ಕರೆಂಟು ಕಂಬಕ್ಕೆ ನೇತಾಡುತ್ತಿದೆ.

ಡಿಸೆಂಬರ್ ಎಂಟಕ್ಕೆ ಇಪ್ಪತ್ತೊಂದು ಕಿಲೋಮೀಟರಿನ ಅರ್ಧ ಮ್ಯಾರಥಾನ್ ಓಡುತ್ತೇನೆಂದು ನಿನಗೆ ಬರೆದಿದ್ದೆನಲ್ಲ, ಅದನ್ನು ರಮಾ ಹಾಲಿನ ಬೂತಿನಲ್ಲಿ ಹೇಳಿದ್ದಾಳೆ. ನಿನ್ನ ತಮ್ಮನ ಹೆಂಡತಿಯ ಬಾಯಿ ನಿನಗೆ ಗೊತ್ತೇ ಇದೆ. ಅಲ್ಲಿಂದ ಅದು ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಆಂಜಿನಪ್ಪನವರ ಕಿವಿಗೆ ಬಿತ್ತು. ಇವರು ಇಲ್ಲಿ ಹೊಲಗಳಿದ್ದ ಕಾಲದಿಂದ ಇರುವ ಮನೆತನದವರು, ವಾರ್ಡಿಗೆ ನಿಲ್ಲಬೇಕೆಂಬ ಆಸೆ ಇಟ್ಟುಕೊಂಡವರು. ಮರುದಿನ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಹೊರಟರೆ ಕಂಬದ ಮೇಲೆ ನಾನು! ಕೈ ಮುಗಿದುಕೊಂಡು ನಿಂತಿದ್ದೇನೆ. ಅದೇ ಫ್ಲೆಕ್ಸಿನಲ್ಲಿ ನನ್ನ ಪಕ್ಕದಲ್ಲಿ ನನಗಿಂತ ಮೂರು ಪಟ್ಟು ದೊಡ್ಡದಾಗಿ ಆಂಜಿನಪ್ಪನವರು. ಮ್ಯಾರಥಾನ್ ಓಡಿ ಬಡಾವಣೆಗೆ ಕೀರ್ತಿ ತಂದುದಕ್ಕೆ ಹಾರ್ದಿಕ ಅಭಿನಂದನೆಗಳಂತೆ.

ಇನ್ನೂ ಓಡಿಯೇ ಇಲ್ಲವಲ್ಲ ಸ್ವಾಮಿ ಎಂದು ಅವರ ಮನೆಗೇ ಹೋಗಿ ಕೇಳಿದೆ. "ಪ್ರಿಂಟಿಂಗ್‌ನವ್ನು ಆಮೇಲೆ ಊರಿಗೋಗ್ತಾನೆ ಸಾರ್, ಅದ್ಕೇ ಈಗ್ಲೇ ಆಕ್ಸ್ಬುಟ್ಟೆ. ಓಡೋದೇನು, ನೀವು ಓಡೇ ಓಡ್ತೀರ" ಎಂದು ಕಾಫಿ ಕೊಟ್ಟು ಕಳಿಸಿದರು.

ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರು ನಡೆಯಲು ಹೇಳಿದರು, ನಡೆಯುತ್ತಾ ನಡೆಯುತ್ತಾ ಓಡಲು ಕಲಿತೆ, ಅಷ್ಟೇ ನನ್ನ ಕಥೆ. ಜಕ್ಕೂರು ಕೆರೆಯ ದಂಡೆಯಲ್ಲಿ ಒಬ್ಬನೇ ಓಡುವಾಗ ಹಾಯಾಗಿತ್ತು. ಈಗ ತರಕಾರಿಯವಳೂ ಎಷ್ಟು ದೂರ ಆಯ್ತು ಸಾರ್ ಎನ್ನುತ್ತಾಳೆ. ಓಡದೆ ಇರುವ ಹಾಗಿಲ್ಲ, ಓಡಿದರೆ ಮುಗಿಸದೆ ಇರುವ ಹಾಗಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಅಕ್ಕ. ಫೋನಿನಲ್ಲಿ ಇದನ್ನೆಲ್ಲ ಕೂಗಿದರೆ ಇಡೀ ಅಟ್ಟೂರಿಗೆ ಕೇಳುತ್ತದೆ, ನಿನಗೊಬ್ಬಳಿಗೆ ಕೇಳುವುದಿಲ್ಲ. ಸೀಟಿ ಊದಿ ಊದಿ ಕಿವಿ ಕಳೆದುಕೊಂಡ ಪಿ.ಟಿ. ಟೀಚರ್ ನೀನೊಬ್ಬಳೇ ಇರಬೇಕು.

ದೀಪಾವಳಿಗೆ ಬರಬೇಡ ಅಂದೆ, ಬರಲಿಲ್ಲ. ಓಟ ಮುಗಿದ ಮೇಲಾದರೂ ಬರಲೇ?

ನಿನ್ನ
ಸೋಮು

*

ಮುದ್ದೇಬಿಹಾಳ
20 ನವೆಂಬರ್ 2024

ಸೋಮನಾಥನಿಗೆ ದಾಕ್ಷಾಯಣಿಯ ಆಶೀರ್ವಾದ.

ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ. ಕುರ್ಚಿ ಮೇಜು ಎಲ್ಲ ಅಂಗಳದಲ್ಲಿವೆ, ಮಂಚದ ಮೇಲೆ ಮಲಗಿಕೊಂಡೇ ಬರೆಯುತ್ತಿದ್ದೇನೆ. ದಸರೆಗೆ ಶುರು ಮಾಡಿದ ಈ ಬಣ್ಣದವರು ಸಂಕ್ರಾಂತಿಗೂ ಮುಗಿಸುವ ಲಕ್ಷಣವಿಲ್ಲ. ಅವರು ಹೋಗುವ ತನಕ ಬರಬೇಡ, ಮಲಗಲು ಜಾಗವಿಲ್ಲ. ಅಡುಗೆಗೆ ಕಾಶವ್ವ ಬರುತ್ತಾಳೆ, ನನಗೇನೂ ಕೊರತೆಯಿಲ್ಲ.

ಕಿಟಕಿಯಿಂದ ನನ್ನ ಶಾಲೆಯ ಮೈದಾನ ಕಾಣುತ್ತದೆ. ಸಂಜೆ ಹುಡುಗಿಯರು ಖೋ ಖೋ ಆಡುತ್ತಾರೆ. ಹೊಸ ಮೇಡಮ್ಮು ಕುರ್ಚಿ ಹಾಕಿಸಿಕೊಂಡು ಮೊಬೈಲು ನೋಡುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಎದ್ದು ಹೋಗಿ ಬೈಯಲು ಆಗುವುದಿಲ್ಲ. ಇಡೀ ದಿನ ಅದೇ ಕಿಟಕಿ, ಅದೇ ಬೇವಿನ ಮರ. ಮನೆಯೊಂದು ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ.

ಇರಲಿ, ನಿನ್ನ ವಿಷಯಕ್ಕೆ ಬರುತ್ತೇನೆ. ಫ್ಲೆಕ್ಸಿಗೆ ಹೆದರುವವನು ಓಡಬಾರದು. ಓಡುವವನು ಫ್ಲೆಕ್ಸನ್ನು ನೋಡಬಾರದು. ಶುರುವಿನಲ್ಲಿ ಎಲ್ಲರೂ ನುಗ್ಗುತ್ತಾರೆ, ನೀನು ನುಗ್ಗಬೇಡ. ಅವತ್ತು ಬೆಳಿಗ್ಗೆ ಹೊಸ ತಿಂಡಿ ತಿನ್ನಬೇಡ. ಮುಖ್ಯವಾಗಿ ಹೊಸ ಬೂಟು ಹಾಕಬೇಡ. ಜಿಲ್ಲಾ ಮಟ್ಟಕ್ಕೆ ಹೋದ ನನ್ನ ಹುಡುಗಿಯರು ಅಪ್ಪ ಕೊಡಿಸಿದ ಹೊಸ ಬೂಟು ಹಾಕಿ ಪಾದಕ್ಕೆ ಬೊಬ್ಬೆ ಎಬ್ಬಿಸಿಕೊಂಡು ಸೋತದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಓಡಿ ಬಂದ ಮೇಲೆ ನನಗೆ ಎಲ್ಲ ಬಿಡಿಸಿ ಬರೆ. ಕಾಲು ಇನ್ನು ಆಗುವುದಿಲ್ಲ ಅನ್ನುತ್ತದಲ್ಲ, ಆಗ ನೀನು ಏನು ಮಾಡಿದೆ, ಮನಸ್ಸಿಗೆ ಏನು ಹೇಳಿಕೊಂಡೆ, ಅದನ್ನು ತಪ್ಪದೆ ಬರೆ. ಅದು ನನಗೆ ಬೇಕು. ಯಾಕೆ ಎಂದು ಕೇಳಬೇಡ.

ಅಕ್ಕ

*

ಅಟ್ಟೂರು ಲೇಔಟ್
11 ಡಿಸೆಂಬರ್ 2024

ಅಕ್ಕನಿಗೆ ಕಾಲು ಮುಟ್ಟಿ ನಮಸ್ಕಾರ ಎಂದು ಬರೆಯುತ್ತಿದ್ದೇನೆ, ಸದ್ಯಕ್ಕೆ ಯಾರ ಕಾಲು ಮುಟ್ಟಲೂ ಬಗ್ಗಲಾರೆ.

ಓಟ ಆಯಿತು. ಮೆಡಲು ಬಂತು. ರಮಾ ಅದನ್ನು ದೇವರ ಫೋಟೋದ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ್ದಾಳೆ. ದೀಪ ಹಚ್ಚುವಾಗ ನನ್ನ ಮೆಡಲಿಗೂ ಸ್ವಲ್ಪ ಬೆಳಕು ಬೀಳುತ್ತದೆ.

ಯಲಹಂಕದಿಂದ ಹೊರಟಾಗ ಇನ್ನೂ ಮಬ್ಬು. ಸುತ್ತ ಸಾವಿರಾರು ಜನ, ಎಲ್ಲರ ಮೈಯಿಂದಲೂ ನೋವಿನ ಮುಲಾಮಿನ ವಾಸನೆ, ಮದುವೆ ಮನೆಯಲ್ಲಿ ಮುದುಕರ ಕೋಣೆಗೆ ಹೊಕ್ಕ ಹಾಗಿತ್ತು. ನೀನು ಹೇಳಿದಂತೆ ನುಗ್ಗಲಿಲ್ಲ. ಹಳೆಯ ಬೂಟನ್ನೇ ಹಾಕಿದ್ದೆ. ಕೆಂಪಾಪುರದ ಹತ್ತಿರ ಒಬ್ಬ ಅಜ್ಜಿ ಗೇಟಿಗೆ ಬಂದು ನಮ್ಮನ್ನೆಲ್ಲ ನೋಡಿ, "ಏನಾಯ್ತ್ರಪ್ಪಾ, ಯಾಕಿಂಗ್ ಓಡ್ತಿದೀರಾ" ಎಂದು ಗಾಬರಿಯಿಂದ ಕೇಳಿದರು. ನಗುತ್ತಲೇ ಹೆಬ್ಬಾಳ ಮುಟ್ಟಿದೆ.

ವಾಪಸು ಬರುವಾಗ ಅಮೃತಹಳ್ಳಿ ಕ್ರಾಸಿನಲ್ಲಿ ನೀನು ಕೇಳಿದ್ದು ನಡೆಯಿತು. ಮೀನಖಂಡ ಕಲ್ಲಾಗಿ ಕಾಲು ಆಗುವುದಿಲ್ಲ ಎಂದಿತು. ಆದರೆ ನಾನು ನಿಲ್ಲಲಿಲ್ಲ. ನೋವು ಎನ್ನುವುದು ಬರೀ ಹೆದರಿಸುವ ಮಾತು, ಕೇಳಿಸಿಕೊಳ್ಳದಿದ್ದರೆ ತಾನೇ ಸುಮ್ಮನಾಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಛಲವೊಂದಿದ್ದರೆ ದೇಹ ತಲೆಬಾಗಲೇಬೇಕು. ಹಲ್ಲು ಕಚ್ಚಿ ಒಂದು ಹೆಜ್ಜೆ ಇಟ್ಟೆ, ಮತ್ತೊಂದು ಇಟ್ಟೆ. ನೋವು ಸೋತು ಹಿಂದೆ ಉಳಿಯಿತು. ಡಾಕ್ಟರುಗಳು ಹೇಳುವುದರಲ್ಲಿ ಅರ್ಧ ಬರೀ ಹೆದರಿಕೆ ಎಂದು ನನಗೆ ಅವತ್ತು ಗೊತ್ತಾಯಿತು.

ಮುಂದೆ ಬರೆಯಲು ಹೆಚ್ಚೇನೂ ಇಲ್ಲ. ಗೆರೆ ದಾಟಿದೆ. ರಮಾ ಗೇಟಿನ ಹತ್ತಿರ ನಿಂತು ಅತ್ತಳು.

ನಿನ್ನ ಮನೆಗೆ ಯಾವ ಬಣ್ಣ? ಮತ್ತೆ ಶಾಲೆಯ ಗೋಡೆಯ ಹಳದಿ ಹೊಡೆಸಿರುತ್ತೀಯ, ನನಗೆ ಗೊತ್ತು.

ಸೋಮು

*

ಮುದ್ದೇಬಿಹಾಳ
19 ಡಿಸೆಂಬರ್ 2024

ಸೋಮು,

ನಿನ್ನ ಪತ್ರ ನನ್ನ ದಿಂಬಿನ ಕೆಳಗಿದೆ. ಮೂರು ಸಲ ಓದಿದೆ. ನನಗೆ ಬೇಕಾಗಿದ್ದು ಇದೇ, ಸರಿಯಾಗಿ ಇದೇ. ಇಪ್ಪತ್ತೇಳು ವರ್ಷ ಹುಡುಗಿಯರ ಹಿಂದೆ ಸೀಟಿ ಊದುತ್ತಾ ಓಡಿದ ನನಗೆ ಇಷ್ಟು ಸಣ್ಣ ವಿಷಯ ಮರೆತುಹೋಗಿತ್ತು. ನೋವಿನ ಮಾತು ಕೇಳಬಾರದು. ಈ ಕಿವುಡಿಗೆ ಅದನ್ನು ನೀನು ನೆನಪು ಮಾಡಿಕೊಡಬೇಕಾಯಿತು.

ಕಾಶವ್ವನಿಗೂ ಓದಿ ಹೇಳಿದೆ. "ಅಂವಾ ಓಡ್ತಾನ್ರಿ, ಗಟ್ಟಿ ಅದಾನ. ನೀವು ಸುಮ್ಮ ಇರ್ರಿ" ಎಂದು ನನ್ನ ಕಿವಿಗೆ ಬಾಯಿಟ್ಟು ಕಿರುಚಿ, ಪಾತ್ರೆ ಕುಕ್ಕಿ ಹೋದಳು. ಅವಳಿಗೆ ಆಟೋಟದ ಗಂಧವಿಲ್ಲ.

ನಾಳೆ ಕಾಶವ್ವ ಸಂತೆಗೆ ಹೋಗುತ್ತಾಳೆ. ನನಗೆ ಅಂಗಳದಾಚೆ ಒಂದು ಸಣ್ಣ ಕೆಲಸವಿದೆ. ಅದು ಮುಗಿದ ಮೇಲೆ ಬರೆಯುತ್ತೇನೆ. ನಿನ್ನ ಬಗ್ಗೆ ನನಗೆ ತುಂಬ ಹೆಮ್ಮೆ ಎನಿಸಿದೆ. ಬದುಕಿನಲ್ಲಿ ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ಈಗ ಹೇಳಿದೆ.

ಅಕ್ಕ

*

ಅಟ್ಟೂರು ಲೇಔಟ್
16 ಜನವರಿ 2025

ಅಕ್ಕನಿಗೆ ನಮಸ್ಕಾರ.

ನಿನ್ನ ಸಣ್ಣ ಕೆಲಸ ಏನಾಯಿತು? ಬರೆಯುತ್ತೇನೆಂದು ಬರೆದವಳು ಬರೆಯಲೇ ಇಲ್ಲ. ಬಣ್ಣದವರು ನಿನ್ನನ್ನೂ ಗೋಡೆಗೆ ಸೇರಿಸಿ ಬಳಿದುಬಿಟ್ಟರೋ ಹೇಗೆ?

ಸಂಕ್ರಾಂತಿಗೆ ನನಗೆ ಸನ್ಮಾನವಾಯಿತು. ಪೇಟ ತೊಡಿಸಿ, ಶಾಲು ಹೊದಿಸಿ, ಎರಡು ಮಾತಾಡಿ ಎಂದರು. ನಿನಗೆ ಬರೆದದ್ದನ್ನೇ ಹೇಳಿದೆ, ನೋವು ಸೋತದ್ದು, ಹಲ್ಲು ಕಚ್ಚಿದ್ದು. ಚಪ್ಪಾಳೆ ಬಿತ್ತು. ಕೆಳಗಿಳಿದ ಮೇಲೆ ಮಂಡಿನೋವಿನ ಹಿರಿಯರೊಬ್ಬರು ಬಂದು, ನಾಳೆಯಿಂದ ನಿಮ್ಮ ಹಿಂದೆ ನಾನೂ ಓಡುತ್ತೇನೆ ಎಂದರು. ಓಡಬೇಡಿ, ನಡೆಯಿರಿ ಸಾಕು ಎಂದರೆ ಅವರು ನಕ್ಕರು.

ಜಕ್ಕೂರು ಕೆರೆಯ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ಸುತ್ತು ಹಾಕಿಕೊಂಡು, ಆ ಕಂಬ ಕಾಣದ ದಾರಿಯಲ್ಲಿ ಬಸ್ಸಿಗೆ ಹೋಗುತ್ತೇನೆ. ಮನೆಗೆ ಬಂದರೆ ಗೋಡೆಯ ಮೇಲೆ ಆ ಮೆಡಲು. ನಿನಗೆ ಒಂದು ಮಾತು ಹೇಳಬೇಕಿದೆ. ಇವತ್ತು ಬೇಡ. ಮೊದಲು ನೀನು ಬರೆ.

ಸೋಮು

*

ಅಟ್ಟೂರು ಲೇಔಟ್
9 ಫೆಬ್ರವರಿ 2025

ಅಕ್ಕ,

ನೀನು ಬರೆಯುತ್ತಿಲ್ಲ. ಕಾಶವ್ವನಿಗೆ ಫೋನು ಮಾಡಿದರೆ "ಎಲ್ಲಾ ಆರಾಮ್ ಅದ್ರಿ" ಎಂದು ಇಟ್ಟುಬಿಡುತ್ತಾಳೆ. ಹಾಗಾದರೆ ಸಿಟ್ಟಿನಿಂದ ಬರೆಯುತ್ತಿಲ್ಲ. ಅಂದರೆ ನಿನಗೆ ಗೊತ್ತಾಗಿದೆ. ಯಾರು ಮುಗಿಸಿದರು, ಯಾರು ಮುಗಿಸಲಿಲ್ಲ ಎಂಬುದು ಇಂಟರ್ನೆಟ್ಟಿನಲ್ಲಿದೆ, ನಿನ್ನ ಹಳೆಯ ವಿದ್ಯಾರ್ಥಿನಿ ಯಾರೋ ತೋರಿಸಿರಬೇಕು. ಅವತ್ತಿನಿಂದ ಈ ದಿನಕ್ಕಾಗಿಯೇ ಕಾಯುತ್ತಿದ್ದೆ. ಈಗ ಬಂತು.

ನಾನು ಓಟ ಮುಗಿಸಲಿಲ್ಲ. ಅಮೃತಹಳ್ಳಿ ಕ್ರಾಸಿನಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬರುವ ವ್ಯಾನು ನನ್ನಂಥವರನ್ನು ಎತ್ತಿ ಹಾಕಿಕೊಂಡು ಓಟ ಮುಗಿಯುವ ಮೈದಾನದ ಹಿಂಬಾಗಿಲಲ್ಲಿ ಇಳಿಸಿತು. ಕುಂಟುತ್ತಾ ಒಳಗೆ ಹೋದೆ. ಅಲ್ಲಿ ಒಬ್ಬಳು ಕಾಲೇಜು ಹುಡುಗಿ ತೋಳಿನ ತುಂಬ ಮೆಡಲು ನೇತುಹಾಕಿಕೊಂಡು ನಿಂತಿದ್ದಳು. ಬೆವರಿ ಬಂದವರಿಗೆಲ್ಲ ಹಾಕುತ್ತಿದ್ದಳು. ನನ್ನ ಅವಸ್ಥೆ ನೋಡಿ ನನ್ನ ಕೊರಳಿಗೂ ಎತ್ತಿದಳು. ಬೇಡ ಎನ್ನಲು ಒಂದೇ ಮಾತು ಸಾಕಿತ್ತು. ನಾನು ತಲೆ ಬಗ್ಗಿಸಿದೆ.

ಅಷ್ಟೇ ಅಕ್ಕ, ನಾನು ಮಾಡಿದ್ದು. ತಲೆ ಎತ್ತುವಷ್ಟರಲ್ಲಿ ರಮಾ ಬಂದು ತಬ್ಬಿಕೊಂಡು ಅಳುತ್ತಿದ್ದಳು. ಅವಳು ಅಳುವಾಗ ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದರೆ ಲೇಔಟಿನ ಅರ್ಧ ಜನ ಗೇಟಿನಲ್ಲಿದ್ದರು. ಆಮೇಲೆ ಪ್ರತಿಯೊಬ್ಬರಿಗೂ ಹೇಳಬೇಕಾಯಿತು, ಹೇಳಿದಷ್ಟೂ ಕಥೆ ಚೆಂದವಾಯಿತು. ಎಲ್ಲಕ್ಕಿಂತ ಚೆಂದದ್ದನ್ನು ನಿನಗೆ ಬರೆದೆ, ಯಾಕೆಂದರೆ ನೀನು ಕೇಳಿದ್ದೆ.

ಬೈದು ಬರೆ. ಬೈಯುವಷ್ಟೂ ಬೈಯಿ. ಸುಮ್ಮನಿರಬೇಡ.

ಸೋಮು

*

ಮುದ್ದೇಬಿಹಾಳ
27 ಫೆಬ್ರವರಿ 2025

ಸೋಮನಾಥನಿಗೆ,

ನನಗೆ ಏನೂ ಗೊತ್ತಿರಲಿಲ್ಲ. ಯಾರೂ ಏನೂ ತೋರಿಸಲಿಲ್ಲ. ನಾನು ಬರೆಯದೆ ಇದ್ದದ್ದು ವಿಜಯಪುರದ ಆಸ್ಪತ್ರೆಯಲ್ಲಿದ್ದೆ, ಅದಕ್ಕೆ.

ಬಣ್ಣದವರು ಯಾರೂ ಬಂದಿರಲಿಲ್ಲ. ದಸರೆಯ ಮೊದಲು ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿತ್ತು, ಸ್ಕ್ರೂ ಹಾಕಿ ಕೂಡಿಸಿದರು. ನಿನಗೆ ತಿಳಿಸಿದರೆ ಓಟ ಬಿಟ್ಟು ಇಲ್ಲಿ ಬಂದು ನನ್ನ ಮಂಚದ ಪಕ್ಕ ಕೂತುಬಿಡುತ್ತೀಯ ಎಂದು ಹೇಳಲಿಲ್ಲ. ನೀನು ಓಡುವುದು ನನಗೆ ಬೇಕಿತ್ತು. ಈ ಕೋಣೆಯಿಂದ ಹೊರಗೆ ನಮ್ಮಿಬ್ಬರಲ್ಲಿ ಒಬ್ಬರಾದರೂ ಇರಬೇಕಿತ್ತು. ಕಾಶವ್ವನಿಂದ ಆಣೆ ಹಾಕಿಸಿಕೊಂಡಿದ್ದೆ, ಅವಳನ್ನು ಬೈಯಬೇಡ.

ವಾಕರ್ ಹಿಡಿದು ನಾಲ್ಕು ಹೆಜ್ಜೆ, ನೋವು ಬಂದರೆ ಅಲ್ಲೇ ನಿಲ್ಲಬೇಕು ಎಂದಿದ್ದರು ಡಾಕ್ಟರು. ನನಗೆ ರೋಸಿಹೋಗಿತ್ತು. ಅಷ್ಟರಲ್ಲಿ ನಿನ್ನ ಪತ್ರ ಬಂತು. ಮರುದಿನ ವಾಕರನ್ನು ಬಾಗಿಲ ಹಿಂದೆ ಇಟ್ಟು ಗೇಟಿನ ಕಡೆ ಹೊರಟೆ. ಗೇಟು ದಾಟಿ ಮೈದಾನಕ್ಕೆ ಹೋಗಿ ಆ ಮೇಡಮ್ಮನನ್ನು ಕುರ್ಚಿಯಿಂದ ಎಬ್ಬಿಸಬೇಕೆಂದು ಆಸೆ. ತುಳಸಿಕಟ್ಟೆಯ ಹತ್ತಿರ ನೋವು ಬಂತು. ನೀನು ಬರೆದದ್ದನ್ನೇ ಅದಕ್ಕೆ ಹೇಳಿದೆ. ಹಲ್ಲು ಕಚ್ಚಿದೆ, ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಸಂತೆಯಿಂದ ಬಂದ ಕಾಶವ್ವ ಗೇಟಿನಾಚೆಯಿಂದ ಬಾಯಿ ಆಡಿಸುತ್ತಾ ಓಡಿ ಬರುತ್ತಿದ್ದಳು. "ಯವ್ವಾ, ನಿಂದರ್ರಿ, ಅಲ್ಲೇ ನಿಂದರ್ರಿ" ಎಂದು ಕೂಗಿದಳಂತೆ. ನನಗೆ ಹೇಗೆ ಕೇಳಬೇಕು?

ಸ್ಕ್ರೂ ಕಿತ್ತು ಬಂದಿತ್ತು. ಮತ್ತೆ ಕೊಯ್ದರು. ಎಡಗಾಲು ಗಿಡ್ಡವಾಗಿದೆ. ಇನ್ನು ಕೋಲು ಬಿಡುವ ಹಾಗಿಲ್ಲವಂತೆ, ಮೈದಾನದ ಮಾತಂತೂ ಇಲ್ಲ.

ಇದು ನಿನ್ನಿಂದ ಆಯಿತು ಎಂದು ಬರೆಯಲೇ? ಬರೆಯುತ್ತೇನೆ. ಅರ್ಧ ನಿನ್ನಿಂದ. ಬಣ್ಣದ ಕಥೆ ಕಟ್ಟಿದವಳು ನಾನು, ಆದ್ದರಿಂದ ಅರ್ಧ ನನ್ನಿಂದ. ನಿನ್ನ ಪತ್ರ ಓದಿ ಸಿಟ್ಟು ಬಂತು, ಅಳು ಬಂತು, ಕಾಶವ್ವನ ಮೇಲೆ ರೇಗಿದೆ. ನಿಂತೆ ಎಂದು ನೀನು ಒಂದು ಸಾಲು ಬರೆದಿದ್ದರೆ ನಾನೂ ತುಳಸಿಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಆಗಲೂ ಕೂರಬೇಕು ಎನಿಸಿತ್ತು ಸೋಮು. ನನಗೆ ಯಾರಾದರೂ ಹೇಳಬೇಕಿತ್ತು, ಅಷ್ಟೇ.

ಈಗ ಹೆದರಿ ಬಸ್ಸು ಹತ್ತಿ ಬರಬೇಡ. ಎದುರಿಗೆ ಕೂತು ನೀನು ಎಷ್ಟು ಅತ್ತರೂ ನನಗೆ ಕೇಳುವುದಿಲ್ಲ, ನನಗೆ ಪೂರ್ತಿ ತಿಳಿಯುವುದು ಬರೆದದ್ದಷ್ಟೇ. ನೀನು ನಿಂತದ್ದು ಹೇಗೆಂದು ಬರೆ. ವ್ಯಾನು, ಮೆಡಲು ಬೇಡ, ಅದು ಓದಿ ಆಯಿತು. ಅಮೃತಹಳ್ಳಿ ಕ್ರಾಸಿನಲ್ಲಿ ಏನಾಯಿತು ಬರೆ. ಬರೆದು ಆಮೇಲೆ ಬಾ. ಬರೆಯದೆ ಬಂದರೆ ಬಾಗಿಲು ತೆಗೆಯಬೇಡ ಎಂದು ಕಾಶವ್ವನಿಗೆ ಹೇಳಿದ್ದೇನೆ.

ಅಕ್ಕ

*

ಅಟ್ಟೂರು ಲೇಔಟ್
6 ಮಾರ್ಚ್ 2025

ಅಕ್ಕ,

ನಿನ್ನ ಪತ್ರವನ್ನು ರಮಾಗೆ ಓದಲು ಕೊಟ್ಟು ಅವಳ ಎದುರಿಗೆ ಕೂತೆ. ಹಾಗೆ ಅವಳಿಗೂ ಗೊತ್ತಾಯಿತು. ಎದ್ದು ಹೋಗಿ ಮೆಡಲನ್ನು ಗೋಡೆಯಿಂದ ಇಳಿಸಿದಳು. ಆಮೇಲೆ, "ಅವತ್ತು ಕಾಲು ತುಂಬಾ ನೋಯ್ತಿತ್ತಾ?" ಎಂದು ಕೇಳಿದಳು. ನನಗೆ ಅಳು ತಡೆಯಲಾಗಲಿಲ್ಲ.

ಸಂಘದ ಸಭೆಗೂ ಹೋಗಿ, ನಾನು ಓಟ ಮುಗಿಸಿಲ್ಲ, ಇದು ನಿಜ ಎಂದು ಎದ್ದು ನಿಂತು ಹೇಳಿದೆ. ಆಂಜಿನಪ್ಪನವರು ನನ್ನ ಕೈ ಹಿಡಿದುಕೊಂಡು ಎಲ್ಲರ ಕಡೆ ತಿರುಗಿದರು. "ನೋಡ್ರಪ್ಪಾ, ದೊಡ್ಡೋರು ಅಂದ್ರೆ ಇಂಗಿರ್ಬೇಕು. ಓಡಿದ್ರೂ ಓಡಿಲ್ಲ ಅಂತವ್ರೆ" ಎಂದರು. ಮತ್ತೆ ಚಪ್ಪಾಳೆ. ನನ್ನ ಸರಳತೆಗಾಗಿ ಯುಗಾದಿಗೆ ಇನ್ನೊಂದು ಸನ್ಮಾನವಂತೆ. ನಿಜ ಹೇಳಿದರೂ ನನಗೆ ಇಲ್ಲಿ ಬಿಡುಗಡೆ ಇಲ್ಲ. ಮಂಡಿನೋವಿನ ಹಿರಿಯರ ಮನೆಗೆ ಮಾತ್ರ ಬೇರೆಯಾಗಿ ಹೋಗಿ ನಿನ್ನ ಕಾಲಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಓಡುವುದಿಲ್ಲ ಎಂದು ಮಾತು ಕೊಟ್ಟರು.

ಇನ್ನು ನೀನು ಕೇಳಿದ್ದು.

ಹಳೆಯ ಬೂಟು ಹಾಕಿದ್ದೆ ಎಂದದ್ದು ಸುಳ್ಳು. ಹಿಂದಿನ ಸಂಜೆ ಆಂಜಿನಪ್ಪನವರು ಆರೇಳು ಜನರನ್ನು ಕರೆದುಕೊಂಡು ಬಂದು ಸಂಘದ ಕಾಣಿಕೆ ಎಂದು ಹೊಸ ಬೂಟು ತೊಡಿಸಿ ಫೋಟೋ ತೆಗೆದರು. ನಸುಕಿನಲ್ಲಿ ನನ್ನನ್ನು ಕಳಿಸಲು ಮತ್ತೆ ಬಂದು ನಿಂತಿದ್ದರು, ಎಲ್ಲರ ಕಣ್ಣೂ ನನ್ನ ಪಾದದ ಮೇಲೆ. ನಿನ್ನ ಮಾತು ನೆನಪಿತ್ತು. ಅವರ ಮುಂದೆ ಅದನ್ನು ಬಿಚ್ಚಿ ಹಳೆಯದು ಹಾಕಿಕೊಳ್ಳಲು ದಾಕ್ಷಿಣ್ಯವಾಯಿತು. ಹೆಬ್ಬಾಳಕ್ಕೆ ಹೋಗುವಷ್ಟರಲ್ಲಿ ಎರಡೂ ಹಿಮ್ಮಡಿಯ ಬೊಬ್ಬೆ ಒಡೆದಿದ್ದವು. ಸೊಟ್ಟಗೆ ಕಾಲು ಹಾಕಿ ಓಡಿದೆ. ಸೊಟ್ಟ ಓಡಿದ್ದಕ್ಕೆ ಮೀನಖಂಡ ಹಿಡಿದುಕೊಂಡಿತು.

ಅಮೃತಹಳ್ಳಿ ಕ್ರಾಸಿನಲ್ಲಿ ನಾನು ಬೀಳಲಿಲ್ಲ, ತಲೆ ಸುತ್ತಲಿಲ್ಲ. ಇನ್ನೂ ಸ್ವಲ್ಪ ದೂರ ಎಳೆದುಕೊಂಡು ಹೋಗಬಹುದಿತ್ತೇನೋ. ನಾನೇ ನಿಂತೆ. ರಸ್ತೆ ಮಧ್ಯದ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದೆ. ಕಾಲುಚೀಲ ಕೆಂಪಾಗಿತ್ತು. ನಿಲ್ಬೇಡಿ ಸಾರ್, ಕಮಾನ್ ಎನ್ನುತ್ತಾ ಜನ ನನ್ನನ್ನು ದಾಟಿ ಹೋಗುತ್ತಿದ್ದರು. ಆಚೆ ಬದಿಯಲ್ಲಿ ವಿಮಾನ ನಿಲ್ದಾಣದ ಬಸ್ಸುಗಳು. ಓಟಗಾರರು ಎಸೆದ ಕಾಗದದ ಲೋಟಗಳನ್ನು ಒಬ್ಬ ಪೌರಕಾರ್ಮಿಕ ಹೆಂಗಸು ಗುಡಿಸುತ್ತಾ ನನ್ನ ತನಕ ಬಂದಳು.

"ಅಣ್ಣ, ಎದ್ದೇಳ್ತೀರಾ? ಇಲ್ಲಿ ಗುಡಿಸ್ಬೇಕಿತ್ತು."

ಆಗಲ್ಲಮ್ಮ ಎಂದೆ.

"ಆಯ್ತು ಬಿಡಿ, ಕೂತ್ಕೊಳ್ಳಿ."

ನನ್ನ ಕಾಲಿನ ಸುತ್ತ ಗುಡಿಸಿಕೊಂಡು ಅವಳು ಮುಂದೆ ಹೋದಳು. ಆ ಫ್ಲೆಕ್ಸು ಕಟ್ಟಿದ ದಿನದಿಂದ ನನಗೆ ಕೂತ್ಕೊಳ್ಳಿ ಎಂದವಳು ಅವಳೊಬ್ಬಳೇ.

ಇದನ್ನು ರಮಾಗೂ ಹೇಳಿಲ್ಲ. ಆಗ ನನಗೆ ದುಃಖವಾಗಲಿಲ್ಲ ಅಕ್ಕ. ಬೆನ್ನಿಗೆ ಎಳೆಬಿಸಿಲು ಬೀಳುತ್ತಿತ್ತು, ಬರಿಗಾಲಿಗೆ ಗಾಳಿ ತಾಗುತ್ತಿತ್ತು. ಹಾಯೆನಿಸಿತು. ಎಷ್ಟೋ ವರ್ಷಗಳಿಂದ ಅಷ್ಟು ಸುಖವಾಗಿ ನಾನು ಎಲ್ಲಿಯೂ ಕೂತಿರಲಿಲ್ಲ. ಅದನ್ನು ಬರೆಯಲು ನಾಚಿಕೆಯಾಗಿ ಉಳಿದದ್ದನ್ನೆಲ್ಲ ಕಟ್ಟಿ ಬರೆದೆ.

ಇದನ್ನು ಅಂಚೆಗೆ ಹಾಕಿ ನಾಲ್ಕು ದಿನ ಬಿಟ್ಟು ನಾವಿಬ್ಬರೂ ಹೊರಡುತ್ತೇವೆ. ತುಳಸಿಕಟ್ಟೆಯ ಹತ್ತಿರ ನಿನಗೆ ನೋವು ಬಂದಾಗ ನಿನ್ನ ಕೈಯಲ್ಲಿ ಇರಬೇಕಾಗಿದ್ದ ಪತ್ರ ಇದು. ಡಿಸೆಂಬರಿನಲ್ಲಿ ಬರೆಯಬೇಕಿತ್ತು, ಈಗ ಬರೆದಿದ್ದೇನೆ.

ಸೋಮು